ಕೆಂಗಣ್ಣು ಬಂದ ತಿಂಗಳು

ಕನ್ನಡಕದ ಅಂಗಡಿ ನಡೆಸುವವರಿಗೆ ಹೇಸಿಗೆ ಇರಬಾರದು. ನನಗೆ ಇದೆ, ಬೇಕಾದದ್ದಕ್ಕಿಂತ ಹೆಚ್ಚೇ ಇದೆ. ಕಾರ್ಕಳದ ಬಸ್ ನಿಲ್ದಾಣದ ಹತ್ತಿರ ಹದಿನೈದು ವರ್ಷಗಳಿಂದ ಅಂಗಡಿ ಇಟ್ಟುಕೊಂಡಿದ್ದೇನೆ. ಜನ ಬಂದು ಮೂಗಿನ ಮೇಲಿನಿಂದ ಕನ್ನಡಕ ತೆಗೆದು ಗಾಜಿನ ಮೇಜಿನ ಮೇಲಿಟ್ಟು, ಸ್ವಲ್ಪ ಟೈಟ್ ಮಾಡಿ ಕೊಡಿ ಎನ್ನುತ್ತಾರೆ. ಹೊರಗೆ ನೋಡಿದರೆ ಇಸ್ತ್ರಿ ಮಾಡಿದ ಅಂಗಿ, ಸೆಂಟಿನ ಪರಿಮಳ. ಕನ್ನಡಕವನ್ನು ತಿರುಗಿಸಿದರೆ, ಮೂಗಿನ ಮೇಲೆ ಕೂರುವ ಆ ಎರಡು ಪುಟ್ಟ ತುಂಡುಗಳ ಸುತ್ತ ಬಾವಿಕಟ್ಟೆಯ ಪಾಚಿಯ ಹಾಗೆ ಹಸಿರು ಕೊಳೆ. ಕಡ್ಡಿಯ ತುದಿಯಲ್ಲಿ ಕಿವಿಯ ಹಿಂದಿನ ಬೆವರು, ಎಣ್ಣೆ, ತಲೆಗೆ ಹಚ್ಚಿದ ಕಪ್ಪು ಬಣ್ಣ ಎಲ್ಲ ಸೇರಿದ ಒಂದು ಅಂಟು. ಸ್ಕ್ರೂ ಬಿಚ್ಚಿದಾಗ ಒಳಗಿನಿಂದ ಏನು ಬರುತ್ತದೆ ಎಂದು ಬರೆಯುವುದಿಲ್ಲ, ಓದುವವರು ಊಟಕ್ಕೆ ಕುಳಿತಿರಬಹುದು.

ಕೊರೊನಾ ಬಂದಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಕೊನೆಗೂ ಜಗತ್ತು ನನ್ನ ದಾರಿಗೆ ಬಂತು ಅಂದುಕೊಂಡೆ. ಜನ ಕೈ ತೊಳೆದರು, ದೂರ ನಿಂತರು, ಮುಖದ ಮೇಲೆ ಕೆಮ್ಮುವುದನ್ನು ಬಿಟ್ಟರು. ಅದೆಲ್ಲ ಎಷ್ಟು ದಿನ? ಬಾಗಿಲಲ್ಲಿ ಇಟ್ಟ ಸ್ಯಾನಿಟೈಸರ್ ಬಾಟಲಿ ಒಣಗುವಷ್ಟರಲ್ಲಿ ಬೆರಳಿಗೆ ಎಂಜಲು ಹಚ್ಚಿ ನೋಟು ಎಣಿಸುವುದು ವಾಪಸು ಬಂತು.

ಆಮೇಲೆ ಒಂದು ಮಳೆಗಾಲದಲ್ಲಿ ಕೆಂಗಣ್ಣು ಬಂತು. ಮೊದಲು ನಿಟ್ಟೆಯ ಹಾಸ್ಟೆಲಿನ ಹುಡುಗರು ಗುಂಪಾಗಿ ಬಂದು ಕಪ್ಪು ಕನ್ನಡಕ ಕೇಳಿದರು. ವಾರದೊಳಗೆ ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಹೋಟೆಲಿನ ಕೌಂಟರಿನಲ್ಲಿ ಎಲ್ಲಿ ನೋಡಿದರೂ ಕಪ್ಪು ಕನ್ನಡಕ. ಕಣ್ಣಿನ ಡಾಕ್ಟರು ಹೇಳುವುದು ಒಂದೇ: ಇದು ವೈರಸ್, ಕೈಯಿಂದ ಕಣ್ಣಿಗೆ ಬರುತ್ತದೆ, ಟವೆಲಿನಿಂದ, ತಲೆದಿಂಬಿನಿಂದ ಬರುತ್ತದೆ, ನೋಡಿದರೆ ಬರುವುದಿಲ್ಲ. ನಮ್ಮ ಜನ ನಂಬಿದ್ದು ಅದರ ತದ್ವಿರುದ್ಧ. ಕೆಂಪು ಕಣ್ಣನ್ನು ನೇರ ನೋಡಿದರೆ ಸಾಕು, ಬಂದೇ ಬಿಡುತ್ತದೆ! ಹಾಗಾಗಿ ಬಸ್ಸಿನಲ್ಲಿ ಒಬ್ಬ ಕಣ್ಣು ತಿಕ್ಕಿಕೊಂಡು ಅದೇ ಕೈಯಲ್ಲಿ ಮೇಲಿನ ಕಂಬಿ ಹಿಡಿದರೆ, ಪಕ್ಕದವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಅದೇ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ. ಹೋಟೆಲಿನ ಬೇಸಿನ್ನಿನ ಬಳಿ ತೂಗುವ ಒದ್ದೆ ಟವೆಲಿಗೆ ಎಲ್ಲರೂ ಮುಖ ಒರೆಸುತ್ತಿದ್ದರು, ಆದರೆ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಎಷ್ಟು ಜಾಗ್ರತೆ!

ನನ್ನ ಅಂಗಡಿಯ ವಿಷಯವಂತೂ ಕೇಳಬೇಡಿ. ಒಬ್ಬ ಗೌರವಸ್ಥರು ಬಂದು ಸ್ಟ್ಯಾಂಡಿನಲ್ಲಿದ್ದ ಕಪ್ಪು ಕನ್ನಡಕಗಳನ್ನು ಒಂದೊಂದಾಗಿ ಹಾಕಿ ಕನ್ನಡಿ ನೋಡಿಕೊಂಡರು. ಒಂದು ತೆಗೆದು ಇನ್ನೊಂದು ಹಾಕುವ ನಡುವೆ ತೋರುಬೆರಳಿನಿಂದ ಕಣ್ಣಿನ ಮೂಲೆಯ ಪಿಸುರು ತೆಗೆದು, ಬೆರಳನ್ನು ನನ್ನ ಮೇಜಿನ ಅಂಚಿಗೆ ಒರೆಸಿದರು. ನಾನು ನೋಡುತ್ತಾ ನಿಂತಿದ್ದೆ. ಹನ್ನೊಂದು ಕನ್ನಡಕ ಹಾಕಿ ನೋಡಿ, ಯಾವುದೂ ಮುಖಕ್ಕೆ ಒಪ್ಪುವುದಿಲ್ಲ ಎಂದು ಹೊರಟುಹೋದರು. ಅಂದು ಮಧ್ಯಾಹ್ನ ಬುತ್ತಿ ಬಿಚ್ಚಿದವಳು ಹಾಗೆಯೇ ಮುಚ್ಚಿಟ್ಟೆ.

ಇಷ್ಟೆಲ್ಲ ಸಿಟ್ಟಿಗೆ ಕಾರಣ ಬರೀ ಹೇಸಿಗೆಯಲ್ಲ, ಅಮ್ಮನ ಕಣ್ಣು. ಅಮ್ಮ ಕಾಪುವಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದರು. ಅವರ ಎಡಗಣ್ಣು ಚಿಕ್ಕಂದಿನಲ್ಲೇ ತೆಂಗಿನ ಗರಿ ತಾಗಿ ಹೋಗಿತ್ತು. ಇದ್ದ ಒಂದು ಬಲಗಣ್ಣಿಗೆ ಪೊರೆ ಬೆಳೆದು, ಒಂದು ವರ್ಷದಿಂದ ಎಲ್ಲವೂ ಹೊಗೆಯ ಹಿಂದೆ ಇದ್ದಂತೆ. ಮೀನು ಕೊಳ್ಳುವಾಗ ಬಂಗುಡೆಯ ಕಣ್ಣು ನೋಡಿ, ಕಿವಿರು ಎತ್ತಿ ನೋಡಿ, ಹಳತು ಎಂದು ಮುಖಕ್ಕೆ ಹೇಳಿ ಬುಟ್ಟಿ ವಾಪಸು ಕಳಿಸುತ್ತಿದ್ದವರು ಅವರು. ಈಗ ಮೀನು ತರುವ ಹೆಂಗಸು ಬಾಗಿಲಿಗೆ ಬಂದರೆ ಒಳಗಿನ ಕುರ್ಚಿಯಿಂದ ಏಳುತ್ತಲೇ ಇರಲಿಲ್ಲ. ಎರಡು ಸಲ ಮೆತ್ತಗಾದ ಮೀನು ಕೊಂಡು ಮೋಸಹೋದದ್ದು ಅವರಿಗೆ ತುಂಬ ಅವಮಾನವಾಗಿತ್ತು. ಮಣಿಪಾಲದಲ್ಲಿ ಪೊರೆ ತೆಗೆಯುವ ದಿನ ನಿಗದಿಯಾಗಿತ್ತು. ಇರುವುದು ಒಂದೇ ಕಣ್ಣು, ಅದಕ್ಕೆ ಸಣ್ಣ ಸೋಂಕೂ ತಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ನನಗೇ ಹೇಳಿದ್ದರು. ನೀವು ಕನ್ನಡಕದವರು, ನಿಮಗೆ ಗೊತ್ತಿರುತ್ತದೆ ಎಂದೂ ಹೇಳಿದರು.

ನನಗೆ ಗೊತ್ತಿತ್ತು. ತಮ್ಮನ ಹೆಂಡತಿಗೆ ಫೋನಿನಲ್ಲಿ ಕಾನೂನು ಮಾಡಿದೆ. ಅಮ್ಮನ ಟವೆಲ್ ಬೇರೆ, ಸೋಪು ಬೇರೆ, ತಲೆದಿಂಬಿನ ಬಟ್ಟೆ ದಿನಾ ಕುದಿಯುವ ನೀರಿಗೆ. ಮೀನು ಮುಟ್ಟಿದ ಮೇಲೆ ಮೊಣಕೈವರೆಗೆ ತೊಳೆಯಬೇಕು. ಅಮ್ಮ ಬಾಗಿಲಿಗೆ ಬರಬಾರದು, ಮದುವೆ ಮುಂಜಿ ಯಾವುದಕ್ಕೂ ಹೋಗಬಾರದು. ಅವಳು ಎಲ್ಲದಕ್ಕೂ ಸರಿ ಅಕ್ಕ, ಸರಿ ಅಕ್ಕ ಎಂದಳು. ಅದೂ ನನಗೆ ಸಾಲಲಿಲ್ಲ. ಭಾನುವಾರ ಹೋದಾಗ ಅವಳ ಬಚ್ಚಲಿಗೆ ಹೋಗಿ ಟವೆಲ್‌ಗಳನ್ನು ಮೂಸಿ ನೋಡಿದೆ. ಅವಳು ಬಾಗಿಲಲ್ಲಿ ನಿಂತು ಅದನ್ನು ನೋಡಿದಳು.

ಅಂಗಡಿಯಲ್ಲಿಯೂ ಕಾನೂನು. ಯಾರೇ ಹಾಕಿ ನೋಡಿದ ಫ್ರೇಮ್ ಸೋಪಿನ ನೀರಿನ ಟಬ್ಬಿಗೆ, ಮೇಜಿಗೆ ಸ್ಪಿರಿಟ್, ನನ್ನ ಕೈಗೆ ಗಂಟೆಗೆ ನಾಲ್ಕು ಸಲ ಸೋಪು. ಬೆರಳುಗಳ ಚರ್ಮ ಸುಲಿದು ಬಂತು. ಕೆಂಪು ಕಣ್ಣಿನವರನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿ ಮಾತಾಡಿಸುತ್ತಿದ್ದೆ.

ಹಾಗೆ ನಿಲ್ಲಿಸಿದವರಲ್ಲಿ ಒಬ್ಬ ಕಟ್ಟಡದ ಕೆಲಸದವನಿದ್ದ. ಉತ್ತರ ಕರ್ನಾಟಕದ ಕಡೆಯವನು, ಸಿಮೆಂಟು ಹತ್ತಿದ ಅಂಗಿ, ಎರಡೂ ಕಣ್ಣು ಕೆಂಡ. ನಿಜ ಹೇಳಬೇಕೆಂದರೆ ಅವನನ್ನು ಕಂಡು ನನಗೆ ಬೇರೆಯವರನ್ನು ಕಂಡಾಗಿನದಕ್ಕಿಂತ ಹೆಚ್ಚೇ ಹೇಸಿಗೆಯಾಯಿತು, ಅವನು ಏನೂ ಮಾಡಿರಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಅಗ್ಗದ ಒಂದು ಕಪ್ಪು ಕನ್ನಡಕ ಸಾಕು ಎಂದ. ಅದರಿಂದ ರೋಗ ತಡೆಯುವುದಿಲ್ಲ, ಸುಮ್ಮನೆ ಯಾಕೆ ದುಡ್ಡು ಹಾಳು ಎಂದೆ. ಅವನಿಗೆ ಅದು ಗೊತ್ತಿತ್ತು. ಆದರೆ ಕಣ್ಣು ಕಂಡರೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ, ಮುಚ್ಚಿಕೊಂಡರೆ ಕರೆಯುತ್ತಾರೆ, ಅದಕ್ಕೇ ಎಂದ. ಬೇಕಾದ್ದನ್ನು ದೂರದಿಂದಲೇ ಬೆರಳು ಮಾಡಿ ತೋರಿಸಿದ, ಮುಟ್ಟಲಿಲ್ಲ.

ನಾನು ಕನ್ನಡಕ ತೆಗೆದು, ಗಾಜಿನ ಮೇಲೆ ಬಾಯಿಯ ಆವಿ ಬಿಟ್ಟು, ಜೇಬಿನ ಹಳದಿ ಬಟ್ಟೆಯನ್ನು ಎಳೆದೆ. ನಮ್ಮ ಕಸುಬಿನಲ್ಲಿ ಅದು ಉಸಿರಾಡಿದ ಹಾಗೆ, ಕನ್ನಡಕ ಕೈಗೆ ಬಂತೆಂದರೆ ಬಟ್ಟೆ ತಾನಾಗಿ ಬರುತ್ತದೆ.

"ಅಕ್ಕಾರ, ಆ ಬಟ್ಟಿ ಬ್ಯಾಡ್ರಿ. ನನ್ನ ಅಂಗೀಲೆ ಒರಸ್ಕೋತೀನ್ರಿ," ಎಂದ.

ತನ್ನ ಕನ್ನಡಕಕ್ಕೆ ನನ್ನ ಒಳ್ಳೆಯ ಬಟ್ಟೆ ಯಾಕೆ ಎಂಬ ಸಂಕೋಚ ಅಂದುಕೊಂಡೆ. ಬಡವರ ವಿನಯ ನಮಗೆ ಬೇಗ ಅರ್ಥವಾಗುತ್ತದಲ್ಲ. ಕನ್ನಡಕವನ್ನು ಮೆಟ್ಟಿಲ ಮೇಲಿಟ್ಟೆ. ಅವನು ಸಿಮೆಂಟಿಲ್ಲದ ಒಂದು ಮೂಲೆ ಹುಡುಕಿ ಅಂಗಿಯಲ್ಲಿ ಒರೆಸಿಕೊಂಡು ಹೋದ.

ಆ ಬಟ್ಟೆಯ ಬಗ್ಗೆ ಹೇಳಬೇಕು. ಲೆನ್ಸ್ ಒರೆಸುವ ಬಟ್ಟೆ ಹೊಸತರಲ್ಲಿ ಚೆನ್ನಾಗಿರುವುದಿಲ್ಲ, ಕೈಗೆ ಪಳಗಬೇಕು. ಒಗೆಯುವ ಪುಡಿ ಹಾಕಿದರೆ ಸೋಡಾ ಉಳಿದು ಗಾಜಿಗೆ ಗೀರು ಬೀಳುತ್ತದೆ. ಹಾಗೆಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು, ನಾನೂ ಹಾಗೆಯೇ ನಡೆದುಕೊಂಡು ಬಂದವಳು. ತಿಂಗಳಿಗೊಮ್ಮೆ ಬರೀ ನೀರಿನಲ್ಲಿ ಅದ್ದಿ ನೆರಳಲ್ಲಿ ಹಾಕುವುದು, ಅಷ್ಟೇ. ಮಳೆಗಾಲದಲ್ಲಿ ಒಣಗುವುದಿಲ್ಲವೆಂದು ಅದೂ ಇಲ್ಲ. ಅಂಗಡಿಯಲ್ಲಿ ಜೇಬಿನಲ್ಲಿ, ಹೊರಗೆ ಹೊರಟರೆ ಬ್ಯಾಗಿನಲ್ಲಿ, ಅದು ಸದಾ ನನ್ನ ಜೊತೆಗೇ. ಊರಿನ ಅರ್ಧ ಜನರ ಕನ್ನಡಕಕ್ಕೆ ಆ ಬಟ್ಟೆ ತಾಗಿತ್ತು. ನನಗೆ ಇನ್ನೂ ಕನ್ನಡಕ ಬಂದಿಲ್ಲ, ಹಾಗಾಗಿ ನನ್ನ ಕಣ್ಣಿನ ಹತ್ತಿರ ಮಾತ್ರ ಅದು ಬಂದದ್ದಿಲ್ಲ. ತಿಂಗಳಿಡೀ ಕೆಂಗಣ್ಣಿನವರ ನಡುವೆ ಇದ್ದರೂ ನನಗೆ ಬರಲಿಲ್ಲ ಎಂದು ಎಲ್ಲರ ಮುಂದೆ ಬೀಗುತ್ತಿದ್ದೆ.

ಆಪರೇಷನ್ನಿಗೆ ಹನ್ನೊಂದು ದಿನ ಇರುವಾಗಿನ ಭಾನುವಾರ ಪಡುಬಿದ್ರಿಯಲ್ಲಿ ಬಸ್ ಬದಲಿಸಿ ಕಾಪುವಿಗೆ ಹೋದೆ. ಬಾಗಿಲಲ್ಲೇ ಕಾಲು ತೊಳೆದೆ, ಕೈ ತೊಳೆದೆ, ಮುಖ ತೊಳೆದೆ, ತಂದಿದ್ದ ಬೇರೆ ಬಟ್ಟೆ ಉಟ್ಟೆ. ತಮ್ಮನ ಹೆಂಡತಿಗೆ ಕಾಣುವ ಹಾಗೆಯೇ ಇದನ್ನೆಲ್ಲ ಮಾಡಿದೆ. ಆಮೇಲೆ ಅಮ್ಮನ ಪಕ್ಕ ಕುಳಿತೆ. ಅಮ್ಮನ ಕನ್ನಡಕ ಎಂದಿನಂತೆ ಬೆರಳಚ್ಚು, ಸಾರಿನ ಹನಿ, ಮಂಜು. "ಎಂತ ಅಮ್ಮ ಇದು," ಎಂದು ಬೈಯುತ್ತಾ ಮೂಗಿನಿಂದ ಎತ್ತಿಕೊಂಡೆ. ಪ್ರತಿ ಭಾನುವಾರದ ಪ್ರೀತಿ ಅದು, ನಮ್ಮಿಬ್ಬರಿಗೂ ಬೇರೆ ತರದ ಮುದ್ದು ಗೊತ್ತಿಲ್ಲ. ಬ್ಯಾಗಿನ ಹೊರಗಿನ ಜೇಬಿನಿಂದ ಬಟ್ಟೆ ಎಳೆದೆ, ಒರೆಸಿದೆ, ಮತ್ತೆ ಅಮ್ಮನ ಮೂಗಿನ ಮೇಲಿಟ್ಟೆ. ಈಗ ಸ್ವಲ್ಪ ಬೆಳಕಾಯಿತು ಎಂದರು ಅಮ್ಮ.

ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಆ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ರೆಪ್ಪೆಗಳು ಹಳದಿ ಪಿಸುರಿನಲ್ಲಿ ಅಂಟಿಕೊಂಡಿದ್ದವು. ತಮ್ಮನ ಹೆಂಡತಿ ಬಿಸಿನೀರಿನ ಹತ್ತಿಯಿಂದ ಒರೆಸುತ್ತಿದ್ದಳು. ಅಮ್ಮನ ಕಣ್ಣನ್ನು ಕಂಡು ನನಗೆ ವಾಕರಿಕೆ ಬಂತು ಎನ್ನುವುದನ್ನು ಇವತ್ತಿಗೂ ಕ್ಷಮಿಸಿಕೊಳ್ಳಲು ಆಗಿಲ್ಲ.

ತಕ್ಷಣ ವಿಚಾರಣೆ ಶುರು ಮಾಡಿದೆ. ಟವೆಲ್ ಯಾರು ಮುಟ್ಟಿದ್ದು? ತಲೆದಿಂಬಿನ ಬಟ್ಟೆ ಕುದಿಸಿದ್ದೆಯಾ? ನಿಜ ಹೇಳು. ಅವಳು ಹತ್ತಿಯನ್ನು ಕವರಿಗೆ ಹಾಕಿ ಗಂಟು ಕಟ್ಟಿದಳು, ಕೈ ತೊಳೆದು ಬಂದಳು, ಆಮೇಲೆ ಉತ್ತರ ಹೇಳಿದಳು. ಎಲ್ಲವನ್ನೂ ನಾನು ಹೇಳಿದ ಹಾಗೆಯೇ ಮಾಡಿದ್ದಳು. ಮನೆಯಲ್ಲಿ ಬೇರೆ ಯಾರಿಗೂ ಬಂದಿರಲಿಲ್ಲ. ಕೊನೆಗೆ ಮೆಲ್ಲಗೆ, ಮೀನಿನವಳಿಗೆ ಕಣ್ಣು ಕೆಂಪಾಗಿತ್ತು, ಅತ್ತೆ ಕುರ್ಚಿಯಿಂದ ಅವಳನ್ನು ನೋಡಿರಬೇಕು ಎಂದಳು.

ಅಷ್ಟು ಹೊತ್ತಿಗೆ ನನ್ನ ಕೈ ಬ್ಯಾಗಿನ ಹೊರಜೇಬಿನ ಮೇಲೆ ಇತ್ತು. ಮೆಟ್ಟಿಲ ಕೆಳಗೆ ನಿಂತವನ ಮಾತು ಕಿವಿಯಲ್ಲಿ ಕೇಳಿತು. ಅವನದು ವಿನಯವೂ ಅಲ್ಲ, ಸಂಕೋಚವೂ ಅಲ್ಲ. ತನ್ನ ರೋಗ ನನ್ನ ಬಟ್ಟೆಗೆ, ಅಲ್ಲಿಂದ ಇನ್ನೊಬ್ಬರಿಗೆ ಹೋಗದಿರಲಿ ಎಂದು ನೋಡಿದವನು ಆ ಇಡೀ ತಿಂಗಳಲ್ಲಿ ಅವನೊಬ್ಬನೇ. ನಾನು ಹದಿನೈದು ವರ್ಷದ ಅನುಭವ ಇಟ್ಟುಕೊಂಡು ನೋಡಿರಲಿಲ್ಲ. ಎಲ್ಲ ಗೊತ್ತಾಗಿಯೂ ನಾನು ಏನು ಹೇಳಿದೆ?

"ಹೌದು, ಅದೇ ಇರಬೇಕು," ಎಂದೆ. "ನೀನು ಮೀನಿನವಳ ಕಣ್ಣು ನೋಡಿದ್ದು, ಅಮ್ಮ."

ತಿಂಗಳಿಡೀ ಊರಿಗೆಲ್ಲ ನೋಡಿದರೆ ಬರುವುದಿಲ್ಲ ಎಂದು ಪಾಠ ಹೇಳಿದ ಬಾಯಿ ಅದು.

ಅಮ್ಮ ಮುಖವನ್ನು ನನ್ನ ಧ್ವನಿಯ ಕಡೆ ತಿರುಗಿಸಿದರು. "ನನಗೆ ಮೀನಿನ ಕಣ್ಣೇ ಕಾಣುವುದಿಲ್ಲ ಮಾರಾಯ್ತಿ. ಮೀನಿನವಳ ಕಣ್ಣು ಎಲ್ಲಿಂದ ನೋಡಲಿ?" ಎಂದರು. ಮತ್ತೆ, "ಇವಳನ್ನು ಎಂತಕ್ಕೆ ಗೋಳು ಹೊಯ್ಯುವುದು? ನನ್ನ ಕನ್ನಡಕ ಮುಟ್ಟುವವಳು ನೀನೊಬ್ಬಳೇ ಅಲ್ವಾ," ಎಂದರು.

ಸಿಟ್ಟಿನಿಂದ ಹೇಳಿದ್ದಲ್ಲ, ಲೆಕ್ಕ ಹಾಕಿ ನೋಡಿದಂತೆ ಹೇಳಿದರು. ತಮ್ಮನ ಹೆಂಡತಿ ಒಳಗೆ ಹೋದಳು. ನಾನು ಹಿತ್ತಲಿಗೆ ಹೋಗಿ ಆ ಬಟ್ಟೆಯನ್ನು ತೆಗೆದು ನೋಡಿದೆ. ನುಣುಪಾಗಿತ್ತು, ಕೈಗೆ ಪಳಗಿತ್ತು. ಬೆಳಕಿಗೆ ಹಿಡಿದರೆ ನಡುವೆ ಜಿಡ್ಡಿನ ಕಲೆ, ಒಂದರ ಮೇಲೊಂದು. ಎಷ್ಟು ಮೂಗು, ಎಷ್ಟು ರೆಪ್ಪೆ. ಹಂಡೆಯ ಒಲೆಗೆ ಹಾಕಿದೆ. ಸುಟ್ಟ ವಾಸನೆ ಮೂಗಿನಿಂದ ಎರಡು ದಿನ ಹೋಗಲಿಲ್ಲ.

ಆಪರೇಷನ್ ಮುಂದಕ್ಕೆ ಹೋಯಿತು. ಕೆಂಪು ಹೋದ ಮೇಲೂ ಕಣ್ಣಿನ ಕರಿಗುಡ್ಡೆಯ ಮೇಲೆ ಸಣ್ಣ ಬಿಳಿ ಚುಕ್ಕೆಗಳು ಉಳಿದವು, ಅವು ಮಾಸುವವರೆಗೆ ಕೈ ಹಾಕುವುದಿಲ್ಲ ಎಂದರು ಡಾಕ್ಟರು. ಮಾಸದಿದ್ದರೆ ಎಂದು ಕೇಳಿದೆ. ನೋಡುವಾ ಎಂದರು. ನಾಲ್ಕು ತಿಂಗಳು ಅಮ್ಮ ಕುರ್ಚಿಯಲ್ಲಿ ಕುಳಿತು ಕಾದರು. ಆ ನಾಲ್ಕು ತಿಂಗಳು ನಾನು ಭಾನುವಾರ ಹೋದಾಗಲೆಲ್ಲ ಕನ್ನಡಕ ಮೊದಲೇ ಸೋಪಿನಲ್ಲಿ ತೊಳೆದು ಅವರ ಮಡಿಲಲ್ಲಿ ಇರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಆಪರೇಷನ್ ಆಯಿತು. ಚುಕ್ಕೆಗಳು ಪೂರ್ತಿ ಹೋಗಿರಲಿಲ್ಲ, ದೀಪದ ಸುತ್ತ ಬೆಳಕು ಸ್ವಲ್ಪ ಚೆದುರಿದ ಹಾಗೆ ಇರುತ್ತದೆ ಎನ್ನುತ್ತಾರೆ ಅಮ್ಮ, ಆದರೆ ಕಣ್ಣು ಕಾಣುತ್ತದೆ. ಪಟ್ಟಿ ಬಿಚ್ಚಿದ ಮರುದಿನ ಅಂಗಡಿ ಮುಚ್ಚಿ ಕಾಪುವಿಗೆ ಓಡಿದೆ. ದಿನಕ್ಕೆ ಆರು ಸಲ ಡ್ರಾಪ್ಸ್ ಹಾಕಬೇಕಿತ್ತು. ನಾನು ಉಗುರು ಕತ್ತರಿಸಿಕೊಂಡೇ ಬಂದಿದ್ದೆ, ಕೈಯನ್ನೂ ತೊಳೆದೆ. ಬಾಟಲಿ ಎತ್ತಿಕೊಂಡೆ. ಅಮ್ಮ ನನ್ನ ಮುಖವನ್ನು ನೋಡಿದರು. ಒಂದು ವರ್ಷಕ್ಕೂ ಮೇಲಾಗಿತ್ತು ಅವರು ನನ್ನನ್ನು ಹಾಗೆ ನೋಡಿ. ನೀನು ತುಂಬ ಬಡಕಲಾಗಿದ್ದಿ ಎಂದರು. ನನ್ನ ಕೈಗಳನ್ನೂ ನೋಡಿದರು, ಸುಲಿದ ಬೆರಳುಗಳನ್ನು.

ಆಮೇಲೆ ಒಳಗೆ ಮೀನು ಕೊಯ್ಯುತ್ತಿದ್ದ ತಮ್ಮನ ಹೆಂಡತಿಯನ್ನು ಕರೆದರು. ನನ್ನ ಕಡೆ ತಿರುಗಿ, "ಡ್ರಾಪ್ಸ್ ಇವಳು ಹಾಕುತ್ತಾಳೆ. ನೀನು ಅಲ್ಲಿ ಕೂತುಕೋ," ಎಂದು ಎದುರಿನ ಕುರ್ಚಿ ತೋರಿಸಿದರು.

ಅವಳು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವ ಸದ್ದು ಬಚ್ಚಲಿನಿಂದ ಕೇಳುತ್ತಿತ್ತು. ನಾನು ಬಾಟಲಿಯನ್ನು ಮೇಜಿನ ಮೇಲಿಟ್ಟು, ತೋರಿಸಿದ ಕುರ್ಚಿಯಲ್ಲಿ ಕುಳಿತೆ.