ಚಿಲಕದಣ್ಣನ ವಾಷಿಂಗ್ ಮಷೀನು

ತೆರೆದ ಬಾಗಿಲು ಚಿಲಕದಣ್ಣನ ಕಣ್ಣಿಗೆ ಆಗುವುದಿಲ್ಲ ಎಂದು ಬೀದಿಯವರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಕಣ್ಣು ನೋಡುವ ಮೊದಲೇ ಅವರ ಕೈ ಬಾಗಿಲು ಮುಚ್ಚಿರುತ್ತದೆ. ಕಣ್ಣಿಗೆ ವಿಷಯ ಗೊತ್ತಾಗುವುದೇ ಇಲ್ಲ.

ಮೀಸೆ ಚಿಗುರುವ ವಯಸ್ಸಿಗೆ ಊರಾಚೆಯ ಕೋಲ್ಡ್ ಸ್ಟೋರೇಜಿಗೆ ಸೇರಿ, ಅದೇ ಮೀಸೆ ಬೆಳ್ಳಗಾದ ಮೇಲೆ ಹೊರಗೆ ಬಂದವರು ಅವರು. ಕೆಲಸ ಒಂದೇ. ಆಲೂಗಡ್ಡೆ ತುಂಬಿದ ಗಾಡಿ ಬಂದರೆ ಬಾಗಿಲು ತೆರೆಯಬೇಕು, ಗಾಡಿಯ ಹಿಂಚಕ್ರ ಒಳಗೆ ಹೋದ ಕೂಡಲೇ ಮುಚ್ಚಬೇಕು. ಬಾಗಿಲು ಹಾಸಿಗೆಯಷ್ಟು ದಪ್ಪ, ಹಿಡಿ ಮೊಳದುದ್ದ. "ಆಲೂಗಡ್ಡೆ ರೈತರದ್ದು. ನಮ್ಮ ಸರಕು ತಣ್ಣನೆ ಗಾಳಿ ಕಣಯ್ಯ. ಬಾಗಿಲು ತೆರೆದಿಟ್ರೆ ಅದು ಎದ್ದು ನಡ್ಕೊಂಡು ಹೋಗುತ್ತೆ" ಎಂದು ಮ್ಯಾನೇಜರ್ ಸಾಹೇಬರು ಮೊದಲ ದಿನವೇ ಹೇಳಿದ್ದರು. ಒಮ್ಮೆ ಸಾಹೇಬರೇ ಒಳಗೆ ತಪಾಸಣೆಗೆ ಹೋಗಿದ್ದಾಗ ಚಿಲಕದಣ್ಣ ಅಭ್ಯಾಸಬಲದಿಂದ ಬಾಗಿಲು ಜಡಿದು ಊಟಕ್ಕೆ ಹೋಗಿಬಿಟ್ಟರು. ಊಟ ಮುಗಿಸಿ ಬಂದು ತೆರೆದಾಗ ಸಾಹೇಬರ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮಾತು ಹೊರಡುವಷ್ಟು ಕಾವು ಬಂದ ಮೇಲೆ ಅವರು ಹೇಳಿದ್ದು ಇಷ್ಟೇ: "ಭೇಷ್. ಒಂದು ಎಳೆ ಗಾಳೀನೂ ಹೊರಗೆ ಹೋಗಿಲ್ಲ."

ಆ "ಭೇಷ್" ಚಿಲಕದಣ್ಣನ ಎದೆಯಲ್ಲಿ ಪದಕದ ಹಾಗೆ ಉಳಿಯಿತು. ನಿವೃತ್ತಿಯ ನಂತರ ಮುಚ್ಚಲು ಆ ದೊಡ್ಡ ಬಾಗಿಲಿಲ್ಲದೆ ಕೈ ಸಿಕ್ಕಿದ್ದನ್ನೆಲ್ಲ ಮುಚ್ಚತೊಡಗಿತು. ಕಪಾಟು, ಕಿಟಕಿ, ಪಕ್ಕದ ಮನೆಯ ಗೇಟು. ಬೀದಿಯಲ್ಲಿ ಯಾರೋ ಕಾರಿನ ಡಿಕ್ಕಿಯಿಂದ ಸಾಮಾನು ಇಳಿಸುತ್ತಿದ್ದರೆ, ಒಂದು ಚೀಲ ಕೆಳಗಿಟ್ಟು ತಿರುಗುವಷ್ಟರಲ್ಲಿ ಡಿಕ್ಕಿ ಮುಚ್ಚಿರುತ್ತಿತ್ತು, ಚಿಲಕದಣ್ಣ ನಾಲ್ಕು ಮಾರು ಮುಂದೆ ಹೋಗಿರುತ್ತಿದ್ದರು.

ಮನೆಗೆ ವಾಷಿಂಗ್ ಮಷೀನು ಬಂದದ್ದು ಆ ವರ್ಷವೇ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿದು ಕೊಡುವವರು. ಹೊಸ ಬಟ್ಟೆಯನ್ನು ಒಮ್ಮೆ ಒಗೆದು, ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಕತ್ತರಿ ಹಾಕುತ್ತಿದ್ದರು. ಮಷೀನಿಗೆ ಎದುರುಗಡೆ ದುಂಡು ಗಾಜಿನ ಬಾಗಿಲು, ಅದರ ಸುತ್ತ ಮಡಿಕೆ ಮಡಿಕೆಯಾದ ರಬ್ಬರ್ ಪಟ್ಟಿ. ಮುಚ್ಚಿದರೆ 'ಟಕ್' ಎನ್ನುವ ಸದ್ದು. ಚಿಲಕದಣ್ಣ ಮೊದಲ ದಿನ ಅದನ್ನು ಕೇಳಿ ಕಣ್ಣು ಮುಚ್ಚಿಕೊಂಡರು.

"ನೋಡೇ, ಬಾಗಿಲು ಅಂದ್ರೆ ಇದು."

"ಬಟ್ಟೆ ಹೇಗೆ ಒಗೆಯುತ್ತೆ ನೋಡ್ರೀ ಅಂದ್ರೆ ಬಾಗಿಲು ನೋಡ್ತಿದ್ದೀರಲ್ಲ" ಎಂದರು ಹೆಂಡತಿ.

ಎರಡು ತಿಂಗಳಲ್ಲಿ ವಾಸನೆ ಶುರುವಾಯಿತು. ಒದ್ದೆ ನಾಯಿಯೊಂದು ಹಳೆಯ ಚಾಪೆ ಸುತ್ತಿಕೊಂಡು ಒಳಗೆ ಮಲಗಿದ ಹಾಗಿತ್ತು ಅದು. ಒಗೆದ ಬಟ್ಟೆ ಒಗೆಯದ ಬಟ್ಟೆಗಿಂತ ಕೆಟ್ಟದಾಗಿ ನಾರತೊಡಗಿತು. ಕೊನೆಗೆ ಗಿರಾಕಿಯೊಬ್ಬಳು ಹೊಸ ಫ್ರಾಕನ್ನು ಮೂಗಿಗೆ ಹಿಡಿದು, ಏನೂ ಹೇಳದೆ ಮೇಜಿನ ಮೇಲಿಟ್ಟು ಹೋದಳು. ಅವಳು ಬಾಯಿ ತುಂಬ ಬೈದಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ. ಹೆಂಡತಿ ಅಂದೇ ಬಟ್ಟೆಯ ಗಂಟು, ಕತ್ತರಿ, ಅಳತೆಪಟ್ಟಿ ಎತ್ತಿಕೊಂಡು ಹಿಂದಿನ ಬೀದಿಯಲ್ಲಿದ್ದ ತಂಗಿಯ ಮನೆಗೆ ಹೊರಟರು.

"ಆ ವಾಸನೆ ಹೋಗೋವರೆಗೂ ನಾನು ಈ ಹೊಸಿಲು ದಾಟಲ್ಲ. ಮನೇಲಿ ಅದಿರಬೇಕು, ಇಲ್ಲಾ ನಾನಿರಬೇಕು. ನೋಡ್ಕೊಳ್ಳಿ."

ಹೊರಡುವಾಗ ಬಾಗಿಲು ತೆರೆದೇ ಬಿಟ್ಟರು. ಚಿಲಕದಣ್ಣ ಅದನ್ನು ಮುಚ್ಚಿದ ಮೇಲೆಯೇ ದುಃಖಪಡಲು ಕುಳಿತರು.

ಮರುದಿನ ಕೆಲಸ ಶುರುವಾಯಿತು. ಅಂಗಡಿಯವನು ಕೆಮಿಕಲ್ ಪುಡಿ ತೋರಿಸಿದ. "ಅದರ ವಾಸನೆ ಓಡಿಸೋಕೆ ಆಮೇಲೆ ಏನು ತರ್ಲಿ?" ಎಂದು ಕೇಳಿ, ಚಿಲಕದಣ್ಣ ವಿನೆಗರ್, ಅಡಿಗೆ ಸೋಡಾ ಮತ್ತು ನಿಂಬೆಹಣ್ಣು ತಂದರು. ಮೊದಲು ಖಾಲಿ ಮಷೀನಿಗೆ ಎರಡು ಲೋಟ ವಿನೆಗರ್ ಸುರಿದು ಬಿಸಿನೀರಿನಲ್ಲಿ ತಿರುಗಿಸಿದರು. ಮುಗಿದಾಗ ಒಳಗೆ ಸ್ವಚ್ಛವಾದ ಹುಳಿ ವಾಸನೆ. ಅವರಿಗೆ ಖುಷಿಯಾಯಿತು. ಒಳ್ಳೆಯ ವಾಸನೆ ಹೊರಗೆ ಹೋಗಿಬಿಡಬಾರದೆಂದು ಟಕ್ಕನೆ ಬಾಗಿಲು ಮುಚ್ಚಿದರು. ಎರಡು ದಿನ ಬಿಟ್ಟು ತೆರೆದರೆ ಅದೇ ನಾಯಿ, ಈಗ ಹುಳಿಯಲ್ಲಿ ನೆನೆದಿತ್ತು.

ಆಮೇಲೆ ಸೋಡಾ ಮತ್ತು ವಿನೆಗರನ್ನು ಒಟ್ಟಿಗೇ ಸುರಿದರು. ಸೋಪು ಹಾಕುವ ಖಾನೆಯಿಂದ ನೊರೆ ಉಕ್ಕಿ ಬಂತು. ಚಿಲಕದಣ್ಣ ಖಾನೆಯನ್ನು ಎರಡೂ ಕೈಯಿಂದ ಒತ್ತಿ ಮುಚ್ಚಿ ನಿಂತರು. ನೊರೆ ಪಕ್ಕದ ಸಂದಿಯಿಂದ ಬಂತು. ಅದಕ್ಕೆ ಮೊಣಕೈ ಕೊಟ್ಟರು. "ಎಲ್ಲಿಗೆ ಹೋಗ್ತೀಯಾ ಹೋಗು ನೋಡ್ತೀನಿ" ಎಂದು ನೊರೆಯನ್ನೇ ಗದರಿದರು. ಅದು ನೆಲದ ಮೇಲೆ ಹರಿದು ಅಡುಗೆಮನೆಗೆ ಹೋಯಿತು.

ಮೂರನೆಯದು ನಿಂಬೆ. ಅರ್ಧ ಹೋಳು ಹಿಡಿದು ರಬ್ಬರ್ ಪಟ್ಟಿಯ ಒಂದೊಂದು ಮಡಿಕೆಯನ್ನೂ ಬಿಡಿಸಿ ಉಜ್ಜಿದರು. ಕಪ್ಪಗೆ ಲೋಳೆ ಬಂತು. ಲೋಳೆಯ ಜೊತೆ ಎರಡು ಗುಂಡಿ, ಒಂದು ಕಾಲುಚೀಲದ ತುದಿ ಮತ್ತು ಹೊಲಿಯುವಾಗ ಹೆಂಡತಿ ಬೆರಳಿಗೆ ಹಾಕಿಕೊಳ್ಳುತ್ತಿದ್ದ ಹಿತ್ತಾಳೆಯ ಟೊಪ್ಪಿಗೆ. ಅದು ಕಳೆದುಹೋದ ದಿನ ಆಕೆ ಊಟ ಬಿಟ್ಟಿದ್ದರು. ಚಿಲಕದಣ್ಣ ಟೊಪ್ಪಿಗೆಯನ್ನು ಒರೆಸಿ ಜೇಬಿಗೆ ಹಾಕಿಕೊಂಡು, ಮಷೀನಿನ ಬಾಗಿಲು ಮುಚ್ಚಿ, ನಾದಿನಿಯ ಮನೆಗೆ ಓಡಿದರು.

ಹೆಂಡತಿ ಟೊಪ್ಪಿಗೆ ಇಸಿದುಕೊಂಡು ಬೆರಳಿಗೆ ತೊಟ್ಟರು. ಮುಖ ಸ್ವಲ್ಪ ಸಡಿಲವಾಯಿತು.

"ವಾಸನೆ?"

"ಈಗಷ್ಟೇ ನಿಂಬೆಹಣ್ಣು ಉಜ್ಜಿ ಬಂದೆ. ಘಮ ಘಮ ಅಂತಿದೆ."

"ನಾಳಿದ್ದು ಹೇಳಿ."

ನಾಳಿದ್ದು ಹೇಳಲು ಒಳ್ಳೆಯದೇನೂ ಇರಲಿಲ್ಲ. ಆದರೂ ಅವರು ದಿನಾ ಹೋದರು. ವಿನೆಗರಿನ ವರದಿ, ಸೋಡಾದ ವರದಿ ಒಪ್ಪಿಸಿ, ಬಚ್ಚಲಿನ ಪಕ್ಕದಲ್ಲಿ ಕೈ ತೊಳೆದು, ಹೆಂಡತಿಯನ್ನು ಒಮ್ಮೆ ನೋಡಿ ಬರುತ್ತಿದ್ದರು. ಹೀಗೆ ಹತ್ತು ಹದಿನೈದು ದಿನವಾದ ಮೇಲೆ ನಾದಿನಿ ಅವರನ್ನು ಹೊರಗೇ ತಡೆದಳು.

"ಭಾವ, ಬೇಜಾರು ಮಾಡ್ಕೋಬೇಡಿ. ನಮ್ಮ ಮಷೀನೂ ನಾರ್ತಿದೆ."

"ಅಯ್ಯೋ! ನಿಮ್ಮದೂನಾ?"

"ಐದು ವರ್ಷದಿಂದ ಒಂದಿನಾನೂ ನಾರಿಲ್ಲ. ನೀವು ಬರೋಕೆ ಶುರು ಮಾಡಿದ ಮೇಲೆ ಹಿಡ್ಕೊಂಡಿದೆ. ವಾಸನೆ ನಿಮ್ಮ ಹಿಂದೆನೇ ಬರ್ತಿದೆ ಭಾವ."

ಷಡ್ಡಕ ಎದ್ದು ಬಂದು ಚಿಲಕದಣ್ಣನನ್ನು ಕತ್ತಿನಿಂದ ಹಿಮ್ಮಡಿಯವರೆಗೆ ಮೂಸಿ ನೋಡಿದ. "ಇಲ್ಲಪ್ಪ, ಇವರ ಮೇಲೇನೂ ಇಲ್ಲ" ಎಂದ. ಸ್ವಲ್ಪ ಯೋಚಿಸಿ, "ಒಳಗಿದ್ರೆ ಗೊತ್ತಿಲ್ಲ" ಎಂದು ಸೇರಿಸಿದ.

ಚಿಲಕದಣ್ಣ ಮನೆಗೆ ಬಂದು ತಮಗೇ ಚಿಕಿತ್ಸೆ ಮಾಡಿಕೊಂಡರು. ಮೈಗೆಲ್ಲ ಸೋಡಾ ಹಚ್ಚಿ, ಮೇಲೆ ವಿನೆಗರ್ ಹೊಯ್ದುಕೊಂಡು, ಬುಸುಗುಟ್ಟುತ್ತ ನಿಂತರು. ನಿಂಬೆಹೋಳಿನಿಂದ ಕಿವಿಯ ಹಿಂದೆ ಉಜ್ಜಿಕೊಂಡರು. ಮರುದಿನ ನಾದಿನಿಯ ಮನೆಗೆ ಹೋದಾಗ ಅವರಿಂದ ನಿಂಬೆ ಹಿಂಡಿ ಕಲಸಿಟ್ಟ ಕೋಸಂಬರಿಯ ವಾಸನೆ ಬರುತ್ತಿತ್ತು. ಮೊದಲು ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬರುವಂತೆ ನಾದಿನಿ ಹೇಳಿದಳು.

ಹೆಂಡತಿ ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ಒಂದು ತೋಳಿಗೆ ನೆರಿಗೆ ಹಿಡಿಯುತ್ತಿದ್ದರು. ಗಂಡ ಬಚ್ಚಲ ಕಡೆ ಹೋಗುವುದನ್ನು ಅವರು ನೋಡಿದರು. ತಂಗಿಯ ಮಷೀನು ಯಾವಾಗಿನಂತೆ ಬಾಗಿಲು ತೆರೆದುಕೊಂಡು ನಿಂತಿತ್ತು. ಗಂಡನ ಕಣ್ಣು ನಲ್ಲಿಯ ಮೇಲಿತ್ತು. ಕೈ ಮಾತ್ರ ಪಕ್ಕಕ್ಕೆ ಚಾಚಿತು.

ಟಕ್.

ಬಾಯಲ್ಲಿ ಪಿನ್ನಿದ್ದುದರಿಂದ ಕೂಗುವಂತಿರಲಿಲ್ಲ. ಹೆಂಡತಿ ಒಂದೊಂದೇ ಪಿನ್ನು ತೆಗೆದು ಪಿನ್ನಿನ ಪುಟ್ಟ ದಿಂಬಿಗೆ ಚುಚ್ಚಿದರು. ಎಲ್ಲ ಮುಗಿದ ಮೇಲೆ ಕೇಳಿದರು: "ರೀ, ಈಗ ಏನು ಮಾಡಿದ್ರಿ?"

"ಏನೂ ಮಾಡ್ಲಿಲ್ವಲ್ಲ. ಕೈ ತೊಳೆಯೋಕೆ ಹೊರಟೆ."

ತಂಗಿ ಬಂದು ಮಷೀನಿನ ಬಾಗಿಲು ತೆರೆದಳು. "ಈಗ ಅಲ್ಲಿಂದ ಇಲ್ಲಿಗೆ ನಡೀರಿ ಭಾವ."

ನಡೆದರು. ಟಕ್.

"ಇನ್ನೊಂದ್ಸಲ" ಎಂದ ಷಡ್ಡಕ. ಚಹಾ ಹಿಡಿದು ಸ್ಟೂಲು ಎಳೆದು ಕುಳಿತಿದ್ದ.

ಟಕ್. ಚಿಲಕದಣ್ಣ ಮೂವರ ಮುಖವನ್ನೂ ನೋಡಿದರು. "ಏನು ನಡೀತಿದೆ ಇಲ್ಲಿ? ಯಾರಾದ್ರೂ ಹೇಳ್ತೀರಾ?"

"ಒದ್ದೆ ಮಷೀನು ರೀ ಅದು" ಎಂದರು ಹೆಂಡತಿ. "ಒಗೆದ ಮೇಲೆ ಬಾಗಿಲು ತೆರೆದಿದ್ರೆ ಒಣಗುತ್ತೆ. ನೀವು ಅದನ್ನ ಹಾಗೇ ಮುಚ್ಚಿ ಮುಚ್ಚಿ ಕೊಳೆಸಿದ್ದೀರಿ. ನಮ್ಮದೂ ಅಲ್ಲದೆ ಇವರದ್ದನ್ನೂ. ನಿಂಬೆಹಣ್ಣಿಗೆ ಯಾಕೆ ಅನ್ಯಾಯ ಮಾಡ್ತೀರಾ? ಬಾಗಿಲು ತೆರೆದಿಡಿ, ನಾನು ಬರ್ತೀನಿ."

ಇಷ್ಟು ಸುಲಭದ ಕೆಲಸ ಇನ್ನೊಂದಿರಲಿಲ್ಲ. ಚಿಲಕದಣ್ಣ ಮನೆಗೆ ಬಂದು ಮತ್ತೊಮ್ಮೆ ವಿನೆಗರ್ ಹಾಕಿ ತಿರುಗಿಸಿದರು, ಪಟ್ಟಿ ಒರೆಸಿದರು, ಬಾಗಿಲು ತೆರೆದರು. ನೀರು ಕುಡಿದು ಬಂದರೆ ಅದು ಮುಚ್ಚಿತ್ತು. ಸಂದಿಗೆ ಇಟ್ಟಿಗೆಯೊಂದನ್ನು ಇಟ್ಟರು. ಸ್ವಲ್ಪ ಹೊತ್ತಿನಲ್ಲಿ ಇಟ್ಟಿಗೆ ಮೂಲೆಯಲ್ಲಿ ನೀಟಾಗಿ ನಿಂತಿತ್ತು, ಬಾಗಿಲು ಮುಚ್ಚಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಲಗೈಯನ್ನು ಬೆಲ್ಟಿನಿಂದ ಕುರ್ಚಿಗೆ ಕಟ್ಟಿಕೊಂಡರು. ಎಡಗೈ ಎದ್ದುಹೋಗಿ ಕೆಲಸ ಮುಗಿಸಿ ಬಂತು.

ನಾದಿನಿಯ ಮನೆ ಬಾಗಿಲಲ್ಲಿ ನಿಂತು ಅವರು ತಲೆ ತಗ್ಗಿಸಿದರು. "ಆಗಲ್ಲ ಕಣೇ. ಮೇಲಿನೋರ ಆರ್ಡರ್ ಇಲ್ಲದೆ ಬಾಗಿಲು ತೆರೆದಿಡೋಕೆ ಕೈ ಒಪ್ಪಲ್ಲ."

ಹೆಂಡತಿ ಸೂಜಿ ಕೆಳಗಿಟ್ಟರು. ಇಂಥ ಗಂಡನ ಜೊತೆ ಬಾಳಿದವರಿಗೆ ಯಾವ ಮಾತೂ ವಿಚಿತ್ರವೆನಿಸುವುದಿಲ್ಲ. "ನಿಮ್ಮ ಸಾಹೇಬರು ಇನ್ನೂ ಇದ್ದಾರೆ ತಾನೆ?" ಎಂದರು.

ಮ್ಯಾನೇಜರ್ ಸಾಹೇಬರೂ ನಿವೃತ್ತರಾಗಿದ್ದರು. ಬಿರುಬಿಸಿಲಿನಲ್ಲೂ ಸ್ವೆಟರ್ ಬಿಟ್ಟಿರಲಿಲ್ಲ. ವಿಷಯವನ್ನು ಗಂಭೀರವಾಗಿ ಕೇಳಿ, ಕೋಲೂರಿಕೊಂಡು ಚಿಲಕದಣ್ಣನ ಮನೆಗೆ ಬಂದರು. ಹೆಂಡತಿ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಹಿಂದೆಯೇ ಬಂದವರು ಹೊಸಿಲಿನ ಆಚೆಗೇ ನಿಂತರು. ಆಡಿದ ಮಾತು ಆಡಿದ್ದು.

ಸಾಹೇಬರು ಮಷೀನಿನ ಎದುರು ನೆಟ್ಟಗೆ ನಿಂತು ಗಂಟಲು ಸರಿಮಾಡಿಕೊಂಡರು.

"ಇವತ್ತಿಂದ ಈ ಬಾಗಿಲು ತೆರೆದಿರಬೇಕು. ಇದು ನನ್ನ ಆರ್ಡರ್. ಗೊತ್ತಾಯ್ತಾ?"

"ಆಗ್ಲಿ ಸಾಹೇಬ್ರೇ." ಚಿಲಕದಣ್ಣ ಬಾಗಿಲು ತೆರೆದು ಹಿಂದೆ ಸರಿದರು. ಕೈ ಮಿಸುಕಲಿಲ್ಲ. ಅವರಿಗೇ ಅಚ್ಚರಿಯಾಯಿತು. ಹೆಂಡತಿಯ ಒಂದು ಕಾಲು ಹೊಸಿಲಿನ ಮೇಲೆ ಬಂತು.

ಸಾಹೇಬರು ಚಹಾ ಕುಡಿದರು, ಹಳೆಯ ಆಲೂಗಡ್ಡೆಗಳನ್ನು ನೆನೆಸಿಕೊಂಡರು. ಆಮೇಲೆ ಎದ್ದು, ಮಷೀನಿನ ಪಕ್ಕದಿಂದ ಹಾದು ಹೊರಟರು. ಹೋಗುತ್ತ ಹೋಗುತ್ತ, ಎಲ್ಲೋ ನೋಡುತ್ತ, ಕೋಲಿನ ತುದಿಯಿಂದ ಬಾಗಿಲನ್ನು ಮೆಲ್ಲಗೆ ತಳ್ಳಿದರು.

ಟಕ್.

ಹೊಸಿಲಿನ ಮೇಲಿದ್ದ ಕಾಲು ಹಿಂದೆ ಹೋಯಿತು.

ಕೋಲ್ಡ್ ಸ್ಟೋರೇಜಿನಲ್ಲಿ ಎಂದೂ ಬೆವರದ ಚಿಲಕದಣ್ಣ ಬೆವರಿದರು. ಆರ್ಡರ್ ಸಾಹೇಬರದ್ದು. ಮುಚ್ಚಿದ ಕೋಲೂ ಸಾಹೇಬರದ್ದು. ಸಾಹೇಬರು ಮುಚ್ಚಿದ ಬಾಗಿಲನ್ನು ಈವರೆಗೆ ಯಾರೂ ತೆರೆದದ್ದಿಲ್ಲ. ಅವರು ಮಷೀನನ್ನು ನೋಡಿದರು, ಸ್ವೆಟರಿನ ಬೆನ್ನನ್ನು ನೋಡಿದರು, ಬಾಗಿಲಾಚೆ ಬುಟ್ಟಿಯ ಅಂಚು ಹಿಡಿದಿದ್ದ ಬೆರಳಿನ ಹಿತ್ತಾಳೆಯ ಟೊಪ್ಪಿಗೆಯನ್ನು ನೋಡಿದರು. ಒಂದು ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ತಂದು ಗಾಜಿನ ಬಾಗಿಲು ಎಳೆದರು.

"ಸಾಹೇಬ್ರೇ, ಇದು ತೆರೆದಿರಬೇಕು."

ಸಾಹೇಬರು ಹಿಂತಿರುಗಿದರು. ಅವರ ಬಾಯಿಗೂ ಅಭ್ಯಾಸವಿತ್ತು. "ಯಾರ ಆರ್ಡರು?"

"ನಂದು" ಎಂದರು ಚಿಲಕದಣ್ಣ.

 ಸಾಹೇಬರು ಭೇಷ್ ಅನ್ನಲಿಲ್ಲ. "ಕಾಲ ಕೆಟ್ಟೋಯ್ತು" ಎಂದು ಗೊಣಗಿ ಮೆಟ್ಟಿಲಿಳಿದರು.

ಹೆಂಡತಿ ಒಳಗೆ ಬಂದರು. ಬುಟ್ಟಿ ಇಳಿಸಿ, ಮಷೀನಿನೊಳಗೆ ತಲೆ ಹಾಕಿ ಮೂಸಿದರು.

"ಇನ್ನೂ ಸ್ವಲ್ಪ ಇದೆ."

"ಈಗಷ್ಟೇ ತೆರೆದಿದ್ದೀನಲ್ಲ, ಒಣಗೋಕೆ ಎರಡು ದಿನ ಬೇಕು."

"ಇರಲಿ, ನೋಡೋಣ." ಅವರು ಹೊಲಿಗೆಯ ಮೇಜಿನ ಧೂಳು ಊದಿ ಕತ್ತರಿಯನ್ನು ಅದರ ಜಾಗಕ್ಕಿಟ್ಟರು. ಗಂಡ ಇನ್ನೂ ಅಲ್ಲೇ ನಿಂತು ಬೀದಿ ಬಾಗಿಲನ್ನೇ ನೋಡುತ್ತಿದ್ದರು. ಅದು ಹಾರುಹೊಡೆದುಕೊಂಡಿತ್ತು. ಅವರ ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು.

"ಅದನ್ನ ಮುಚ್ಕೊಳ್ಳಿ ಮಾರಾಯರೇ. ಅದನ್ನ ಯಾರು ಬೇಡ ಅಂದ್ರು?"

ಚಿಲಕದಣ್ಣ ಬೀದಿ ಬಾಗಿಲು ಮುಚ್ಚಿದರು. ಆಮೇಲೆ ಕಪಾಟು, ಅದಾದ ಮೇಲೆ ಅಡುಗೆಮನೆಯ ಡಬ್ಬಿಗಳು, ಎರಡೂ ಕಿಟಕಿಗಳು. ಮನೆಯನ್ನೆಲ್ಲ ಒಂದು ಸುತ್ತು ಮುಚ್ಚಿ ಬರುತ್ತ, ಮಷೀನಿನ ಹತ್ತಿರ ಬಂದಾಗ ಮಾತ್ರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆಯ ಕಡೆ ಮುಖ ಮಾಡಿ, ಅಡ್ಡಡ್ಡ ಹೆಜ್ಜೆಯಿಟ್ಟು ದಾಟಿದರು.