ಕೆಲಸದ ಕಣ್ಣು

ಬೀದಿಯವರು ಅವನನ್ನು ಒಂಟಿಗಣ್ಣ ಎಂದೇ ಕರೆಯುತ್ತಿದ್ದರು. ಕಣ್ಣು ಎರಡೂ ಇದ್ದವು. ಆದರೆ ಯಾವಾಗ ನೋಡಿದರೂ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಡಗಣ್ಣು ಮುಚ್ಚಿಕೊಂಡು, ಯಾರದೋ ಕೈಗಡಿಯಾರದ ಹೊಟ್ಟೆಯೊಳಗೆ ಇಣುಕುತ್ತಿದ್ದ. ಮೆಟ್ಟಿಲ ಕೆಳಗಿನ ಅಂಗಡಿ. ಅವನು ಕೂತರೆ ಬಂದವರು ಬಾಗಿಲಲ್ಲೇ ನಿಲ್ಲಬೇಕು. ಹಿಂದಿನ ಗೋಡೆಯಲ್ಲಿ ರಿಪೇರಿಗೆ ಬಂದ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು.

ಆ ಬಲಗಣ್ಣಿಗೇ ಪೊರೆ ಬಂತು. ಮೊದಲು ಬಲ್ಬಿನ ತಪ್ಪು ಅಂದುಕೊಂಡ. ಬಲ್ಬು ಬದಲಾಯಿಸಿದ. ಆಮೇಲೆ ಭೂತಗನ್ನಡಿಯನ್ನು ಉಜ್ಜಿ ಉಜ್ಜಿ ಇಟ್ಟ. ಒಂದು ದಿನ ಸಾಸಿವೆಗಿಂತ ಸಣ್ಣ ಸ್ಕ್ರೂ ಕೈಜಾರಿತು. ನೆಲವೆಲ್ಲ ತಡಕಿದ. ಊಟದ ಡಬ್ಬಿ ತಂದ ಹೆಂಡತಿ ಮೇಜಿನ ಮೇಲೇ ಅದನ್ನು ಕಂಡಳು.

"ನಿಮ್ಮ ಮೂಗಿನ ಕೆಳಗೇ ಇದೆಯಲ್ರೀ!"

"ಮೂಗಿಗೆ ಕಂಡು ಏನು ಬಂತು? ಕಣ್ಣಿಗೆ ಕಾಣ್ಬೇಕು ತಾನೇ."

ಅವಳು ನಗಲಿಲ್ಲ. ಮಾರನೆಯ ದಿನವೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು.

"ಪೊರೆ ಬೆಳೆದಿದೆ, ಆಪರೇಷನ್ ಮಾಡ್ಬೇಕು" ಅಂದರು ಡಾಕ್ಟರಮ್ಮ. "ಅಲ್ಲೀವರೆಗೂ ಎಡಗಣ್ಣಲ್ಲಿ ಕೆಲಸ ಮಾಡೋಕಾಗಲ್ವಾ?"

"ಮಾಡಿ ನೋಡ್ದೆ ಡಾಕ್ಟ್ರಮ್ಮ. ಕಣ್ಣಿಗೇನೋ ಕಾಣತ್ತೆ, ಕೈ ಮಾತು ಕೇಳಲ್ಲ."

ಅವನಿಗೆ ಹೆದರಿಕೆ ಇರಲಿಲ್ಲ. ಆರೋಗ್ಯ ವಿಮೆ ಇತ್ತು. ಹೊಸ ಅಂಗಿ ಬಿಟ್ಟರೂ ವಿಮೆಯ ಕಂತು ಬಿಟ್ಟವನಲ್ಲ. ಆಪರೇಷನ್ನಿಗೆ ಮೊದಲು ದೃಷ್ಟಿ ಪರೀಕ್ಷೆಯ ರಿಪೋರ್ಟು ಕಂಪನಿಗೆ ಹೋಗಬೇಕು, ಅಷ್ಟೇ.

ಎಡವಿದ್ದು ಅಲ್ಲೇ. ಎಡಗಣ್ಣು ಮುಚ್ಚಿ ಗೋಡೆಯ ಮೇಲಿನ ಅಕ್ಷರ ಓದಿ ಎಂದಳು ಪರೀಕ್ಷೆ ಮಾಡುವ ಹುಡುಗಿ. ಮೇಲಿನ ದಪ್ಪ ಅಕ್ಷರಗಳು ಹೇಗೋ ಕಂಡವು. ಕೆಳಗೆಲ್ಲ ಮಂಜು. ಆದರೆ ಅದು ಕೆಲಸದ ಕಣ್ಣು. ಯಾರ ಮುಂದೆಯೂ ಸೋತ ಕಣ್ಣಲ್ಲ. ಅವನು ಸ್ಕ್ರೂ ಹಿಡಿಯುವಾಗ ಮಾಡುವಂತೆ ಉಸಿರು ಬಿಗಿಹಿಡಿದ, ರೆಪ್ಪೆ ಕಿರಿದು ಮಾಡಿ ಕಣ್ಣು ಹಿಂಡಿದ, ಒಂದೊಂದೇ ಅಕ್ಷರವನ್ನು ಚಿಮಟದಲ್ಲಿ ಎತ್ತಿದಂತೆ ಎತ್ತಿ ಹೇಳಿದ. ಕೆಳಗಿನ ಸಾಲಿನವರೆಗೂ ಹೋದ.

"ಪರವಾಗಿಲ್ವೇ!" ಅಂದಳು ಹುಡುಗಿ, ಬರೆದುಕೊಳ್ಳುತ್ತಾ. ಅವನು ಬಹುಮಾನ ಗೆದ್ದವನ ಹಾಗೆ ಹೊರಗೆ ಬಂದ.

ಕಂಪನಿ ದುಡ್ಡು ಕೊಡಲು ಆಗುವುದಿಲ್ಲ ಎಂದಿತು. ಫೋನ್ ಮಾಡಿ, ಕಾಯಿಸುವ ಹಾಡು ಕೇಳಿ ಕೇಳಿ, ಕೊನೆಗೆ ಒಬ್ಬಾಕೆ ಸಿಕ್ಕಳು.

"ಸರ್, ದೃಷ್ಟಿ ತುಂಬಾ ಕಡಿಮೆ ಇದ್ರೆ ಮಾತ್ರ ಈ ಆಪರೇಷನ್ನಿಗೆ ಕೊಡ್ತೀವಿ. ನಿಮ್ಮ ಬಲಗಣ್ಣು ಚೆನ್ನಾಗಿದೆ."

"ಚೆನ್ನಾಗಿದ್ರೆ ನಾನ್ಯಾಕಮ್ಮ ಫೋನ್ ಮಾಡ್ತಿದ್ದೆ?"

"ಕೆಳಗಿನ ಸಾಲು ಓದಿದ್ದೀರಲ್ಲ ಸರ್."

"ಕಣ್ಣು ಹಿಂಡಿ ಓದ್ದೆ ಕಣಮ್ಮ. ಹಾಗೆ ನೋಡಿದ್ರೆ ಏನೂ ಕಾಣಲ್ಲ."

"ಹಿಂಡಿದ್ರಿ ಅಂತ ಬರೆಯೋಕೆ ಇಲ್ಲಿ ಜಾಗ ಇಲ್ಲ ಸರ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

"ಮೊದಲನೇದೇ ಆಗ್ಲಿಲ್ಲವಲ್ಲಮ್ಮ!"

ಹೆಂಡತಿ ಹಣೆ ಚಚ್ಚಿಕೊಂಡಳು. "ಶಾಲೇಲಿ ಒಂದು ಸಲವೂ ನೆಟ್ಟಗೆ ಪಾಸಾಗದೋರು, ಇಲ್ಲಿ ಹೋಗಿ ಮೊದಲನೇ ದರ್ಜೆ ತಗೊಂಡ್ರಲ್ರೀ! ಯಾರು ಕೇಳಿದ್ರು?" ತನ್ನ ಬೆರಳಿಂದ ತನ್ನ ಕಣ್ಣನ್ನೇ ತಿವಿದುಕೊಂಡ ಹಾಗಾಗಿತ್ತು. ಕೈಯಿಂದ ಕೊಟ್ಟು ಮಾಡಿಸಿಕೊಳ್ಳೋಣ ಎಂದರೆ ಕೈ ಬರಿದು.

ಮತ್ತೆ ಪರೀಕ್ಷೆ. ಈ ಸಲ ಹೆಂಡತಿ ಪಕ್ಕದಲ್ಲೇ ನಿಂತಳು. "ಹಿಂಡಿದ್ರೆ ನೋಡಿ ಮತ್ತೆ!" ಅವನು ಗೂಬೆಯ ಹಾಗೆ ಕಣ್ಣರಳಿಸಿ ಕೂತ. ಎರಡು ಸಾಲು ಆಯಿತು. ಮೂರನೆಯದಕ್ಕೆ "ಕಾಣ್ತಿಲ್ಲ" ಅಂದ. ಆ ಮಾತು ಬಾಯಿಂದ ಹೊರಡಿಸುವಷ್ಟರಲ್ಲಿ ಬೆವರು ಬಂತು. ಮೊದಲ ಸಲ ಅವನು ಹೇಗೆ ಓದಿದ ಎಂಬುದನ್ನೂ ಡಾಕ್ಟರಮ್ಮ ವಿವರವಾಗಿ ಬರೆದು ಕಳಿಸಿದರು.

ಕಂಪನಿಗೆ ಈಗ ಅನುಮಾನ ಶುರುವಾಯಿತು. ಮೊನ್ನೆ ಚೆನ್ನಾಗಿದ್ದ ಕಣ್ಣು ಇಷ್ಟು ಬೇಗ ಹೇಗೆ ಕೆಟ್ಟಿತು? ತಮ್ಮ ಡಾಕ್ಟರೇ ನೋಡಬೇಕು ಎಂದಿತು. ಅವನು ಮತ್ತೆ ಫೋನ್ ಮಾಡಿದ.

"ಯಾವತ್ತು ನೋಡ್ತಾರಮ್ಮ?"

"ತಿಳಿಸ್ತೀವಿ ಸರ್."

"ನಾನು ಒಂದು ಹಳೇ ಗಡಿಯಾರ ರಿಪೇರಿಗೆ ತಗೊಂಡ್ರೂ ಇಂಥಾ ದಿನ ಬನ್ನಿ ಅಂತ ಹೇಳ್ತೀನಿ. ನೀವೂ ಒಂದು ದಿನ ಹೇಳಿ."

"ಕಂಪ್ಯೂಟರಲ್ಲಿ ಕಾಣ್ತಿಲ್ಲ ಸರ್."

"ಸರಿಹೋಯ್ತು. ನಿಮಗೂ ಕಾಣ್ತಿಲ್ವಾ!"

ಅಂದಿನಿಂದ ದಿನವೂ ಫೋನು. ಮೇಜಿನ ಮೇಲೆ ಅದನ್ನು ಹಾಡಲು ಬಿಟ್ಟು, ಗೋಡೆ ಗಡಿಯಾರ ಬಿಚ್ಚುತ್ತಾನೆ. ಅದರ ಹಲ್ಲುಗಾಲಿಗಳು ದೊಡ್ಡವು, ಬೆರಳಿಗೇ ಸಿಗುತ್ತವೆ. ಕೈಗಡಿಯಾರಗಳು ಡಬ್ಬಿಯಲ್ಲಿ ಕೂತಿವೆ. ನಡುನಡುವೆ ಫೋನು ನಿಮ್ಮ ಕರೆ ನಮಗೆ ಅಮೂಲ್ಯ ಎನ್ನುತ್ತದೆ.

"ಏನಣ್ಣ, ಹೇಳಿದ್ದೇ ಹೇಳೋ ಕಿಸಬಾಯಿದಾಸ ಇವತ್ತೂ ಬಂದಿದ್ದಾನಾ?" ಎಂದು ಒಂದು ದಿನ ಪಕ್ಕದ ಚಪ್ಪಲಿ ಅಂಗಡಿಯವನು ಕೂಗಿದ.

"ಅವನು ಹೋದ್ರೆ ತಾನೇ ಬರೋದು!"

ಆಗಲೇ ಹಳೆಯ ಗಿರಾಕಿ ನರ್ಸಮ್ಮ ಬಂದರು. ಗುಂಡಿಯಷ್ಟು ಸಣ್ಣ ಕೈಗಡಿಯಾರ. ಎಷ್ಟೋ ಸಲ ಇವನೇ ಬಿಚ್ಚಿ ಜೋಡಿಸಿದ್ದು. ಅವನು ಭೂತಗನ್ನಡಿ ಬಲಗಣ್ಣಿಗೆ ಸಿಕ್ಕಿಸಿದ. ಹಾಲು ಚೆಲ್ಲಿದ ಹಾಗೆ ಕಂಡಿತು. ಎಡಗಣ್ಣಿಗೆ ಹಾಕಿ ನೋಡಿದ. ಚಿಮಟದ ತುದಿ ಪಕ್ಕಕ್ಕೆ ಜಾರಿ ಗಡಿಯಾರದ ಮೇಲೆ ಗೀರು ಬಿತ್ತು. ಎರಡನೇ ಸಲ ಚಿಮಟ ತಾಗಿಸಲಿಲ್ಲ.

"ಕಾಣ್ತಿಲ್ಲ ಅಕ್ಕ. ಬಸ್‌ಸ್ಟಾಪ್ ಹತ್ರದವನಿಗೆ ಕೊಡಿ. ಚೆನ್ನಾಗಿ ಮಾಡ್ತಾನೆ." ಆ ಬಸ್‌ಸ್ಟಾಪಿನವನನ್ನು ಅವನು ಇದುವರೆಗೆ ಗಡಿಯಾರ ಕೊಲ್ಲುವವನು ಎಂದೇ ಕರೆದಿದ್ದ.

"ನಿಮ್ಮ ಕಣ್ಣು ಯಾವಾಗ ಸರಿಹೋಗತ್ತೆ?"

ಅವನು ಫೋನ್ ಕಡೆ ಕೈ ತೋರಿಸಿದ. ಅದು ಹಾಡುತ್ತಿತ್ತು. ನರ್ಸಮ್ಮ ಗಡಿಯಾರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಬಸ್‌ಸ್ಟಾಪಿನ ಕಡೆ ಹೊರಟರು.

ಫೋನನ್ನು ಎತ್ತಿ ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಎತ್ತಿಯೂ ಎತ್ತಿದ. ಆದರೆ ಕಟ್ ಆದರೆ ನಾಳೆ ಮತ್ತೆ ಮೊದಲಿನಿಂದ ಶುರು. ಮೆಲ್ಲಗೆ ಕೆಳಗಿಟ್ಟು, ಮೇಲೆ ಒರೆಸುವ ಬಟ್ಟೆ ಮುಚ್ಚಿದ. ಬಟ್ಟೆಯ ಕೆಳಗಿಂದ ಅದು ಹಾಡುತ್ತಲೇ ಇತ್ತು.