ಮೂರು ಚಮಚ ನೀರು

ತರಬೇತಿಗೆ ಹೋಗಬೇಕಾದವಳು ನಾನಲ್ಲ. ಊರಿಗೊಬ್ಬ ಹೆಣ್ಣುಮಗಳನ್ನು ಕಳಿಸಿ, ಎರಡು ದಿನ ಪ್ರಥಮ ಚಿಕಿತ್ಸೆ ಕಲಿಸುತ್ತೇವೆ, ಕಲಿತವರು ಊರಿಗೆ ಬಂದು ಉಳಿದವರಿಗೆ ಕಲಿಸಬೇಕು ಎಂದು ನವಲಗುಂದದಿಂದ ಫೋನ್ ಬಂದಾಗ ಹೆಸರು ಬರೆಸಿದ್ದು ನಮ್ಮ ಮಹಿಳಾ ಸಂಘದ ಕಾರ್ಯದರ್ಶಿ. ಶುಕ್ರವಾರ ಸಂಜೆ ಆಕೆಯ ಮಗಳಿಗೆ ಹೆರಿಗೆ ನೋವು ಶುರುವಾಯಿತು.

"ಅಕ್ಕಾ, ನೀ ಹೋಗಿ ಬಾ. ಸುಮ್ನ ಕುಂತ ಕೇಳೂದು. ಊಟಾನೂ ಅವರ ಕೊಡ್ತಾರ."

ಅಂಗನವಾಡಿಯಲ್ಲಿ ಅಡುಗೆ ಮಾಡುವ ನನಗೆ ಶನಿವಾರ, ಭಾನುವಾರ ಇನ್ನೊಬ್ಬರ ಕೈ ಊಟ ಸಿಕ್ಕರೆ ಬೇಡವೆನ್ನಲೇ? ನಸುಕಿನಲ್ಲೆದ್ದು ರೊಟ್ಟಿ ಬಡಿದಿಟ್ಟೆ, ಅತ್ತೆಯವರಿಗೆ ಬಿಪಿ ಗುಳಿಗೆ ಎಲ್ಲಿದೆಯೆಂದು ತೋರಿಸಿದೆ, ಏಳೂವರೆ ಬಸ್ಸು ಹತ್ತಿದೆ.

ಕುಳಿತು ಕೇಳುವುದೇನೂ ಇರಲಿಲ್ಲ. ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಜಮಖಾನೆ ಹಾಸಿ ಆರು ರಬ್ಬರ್ ಗೊಂಬೆಗಳನ್ನು ಅಂಗಾತ ಮಲಗಿಸಿದ್ದರು. ತಲೆಯಿಂದ ಹೊಟ್ಟೆಯ ತನಕ ಅಷ್ಟೇ. ಕೈಯಿಲ್ಲ, ಕಾಲಿಲ್ಲ, ಬಾಯಿ ಮಾತ್ರ ಅರ್ಧ ತೆರೆದಿದೆ.

"ಯವ್ವಾ, ಇಂವಂಗ ಕೈಕಾಲ ಇಲ್ಲಲ್ಲ!" ಎಂದು ಅಣ್ಣಿಗೇರಿ ಕಡೆಯ ಹೆಂಗಸೊಬ್ಬಳು ಬಾಯಿಗೆ ಸೆರಗು ಹಿಡಿದಳು. "ಚಲೋ ಆತ ಬಿಡ್ರಿ. ಕುಡ್ಯಾಕ ಹೋಗಂಗಿಲ್ಲ, ಹೊಡ್ಯಾಕ ಬರಂಗಿಲ್ಲ. ಇಂಥಾ ಗಂಡನ್ನ ಮದಲ ಹುಡಕಬೇಕಿತ್ತು."

ಕಲಿಸಲು ಬಂದಿದ್ದವರು ಧಾರವಾಡದ ಒಬ್ಬ ನಿವೃತ್ತ ನರ್ಸ್. ದಪ್ಪ ಮೈ, ನನ್ನ ಹಾಗೇ ಮೊಣಕಾಲು ನೋವು. ಏಳುವಾಗ ಗೊಂಬೆಯ ತಲೆಯನ್ನೇ ಊರಿಕೊಂಡು ಏಳುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ, ಅಂಗೈ ಮೇಲೆ ಅಂಗೈ ಇಟ್ಟು ಎದೆಯ ನಡುವಿನ ಎಲುಬನ್ನು ಒತ್ತಬೇಕು. ಸರಿಯಾಗಿ ಒತ್ತಿದರೆ ಗೊಂಬೆಯೊಳಗೆ ಟಿಕ್ ಎನ್ನುತ್ತದೆ. ನನ್ನ ಗೊಂಬೆ ಎಷ್ಟು ಹೊತ್ತಾದರೂ ಟಿಕ್ ಎನ್ನಲಿಲ್ಲ.

"ರೊಟ್ಟಿ ಬಡ್ಯಾಕತ್ತೀರೇನ್ರಿ?" ನರ್ಸಮ್ಮ ನನ್ನ ಹಿಂದೆ ನಿಂತಿದ್ದರು. "ಮೊಣಕೈ ಮಡಚಬ್ಯಾಡ್ರಿ. ಮೈಭಾರ ಎಲ್ಲಾ ಬಿಡ್ರಿ. ಎಲಬ ಮುರದೀತು ಅಂತ ಅಂಜಬ್ಯಾಡ್ರಿ. ಮುರದ್ರ ಕೂಡತದ, ಸತ್ತಾಂವ ಏಳಂಗಿಲ್ಲ."

ಊಟವಾದ ಮೇಲೆ ಎಲ್ಲರಿಗೂ ಜೊಂಪು ಹತ್ತಿತ್ತು. ಆಗ ಆಕೆ ತಾವೇ ಜಮಖಾನೆಯ ಮೇಲೆ ಅಂಗಾತ ಬಿದ್ದುಕೊಂಡರು. ಗಂಟಲಿನ ಆಳದಿಂದ ಗೊರ್ ಎಂದು ಎಳೆದರು. ಉಸಿರು ನಿಲ್ಲಿಸಿದರು. ನಾವು ಒಬ್ಬರ ಮುಖ ಒಬ್ಬರು ನೋಡುವಷ್ಟು ಹೊತ್ತು ಕಳೆದ ಮೇಲೆ ಮತ್ತೆ ಗೊರ್ ಎಂದರು. ಹಿಂದೆ ಕುಳಿತವರು ನಕ್ಕರು.

"ನಕ್ಕೀರೇನು? ಇದು ಉಸಿರಲ್ರಿ," ಎಂದು ಆಕೆ ಎದ್ದು ಕುಳಿತರು. "ಎದಿ ಬಡತ ನಿಂತ ಮ್ಯಾಲೂ ಸ್ವಲ್ಪ ಹೊತ್ತು ಹಿಂಗ ಸಪ್ಪಳ ಬರತದ. ಮಂದಿ ಗೊರಕಿ ಅಂತಾರ, ಮಲಗ್ಲಿ ಬಿಡು ಅಂತಾರ. ಆವಾಗ್ಲೇ ಒತ್ತಬೇಕು. ಮತ್ತ ಬಾಯಿಗೆ ನೀರ ಹಾಕಬ್ಯಾಡ್ರಿ. ಎಚ್ಚರಿಲ್ಲದವರಿಗೆ ನುಂಗಾಕ ಬರಂಗಿಲ್ಲ, ನೀರು ಶ್ವಾಸದಾಗ ಇಳೀತದ."

ಎಲ್ಲರೂ ಬರೆದುಕೊಂಡರು. ನನ್ನ ಕೈಯಲ್ಲೂ ಪೆನ್ನಿತ್ತು. ಆದರೆ ಆ ಸಪ್ಪಳವನ್ನು ನಾನು ಮೊದಲೇ ಕೇಳಿದ್ದೆ.

ಎರಡು ವರ್ಷದ ಹಿಂದೆ, ಕಡಲೆ ಕೀಳುವ ದಿನಗಳು. ನನ್ನ ಮೈದುನ, ನನ್ನ ಗಂಡನ ಒಬ್ಬನೇ ತಮ್ಮ, ಬೆಳಿಗ್ಗೆ ಹತ್ತರ ಸುಮಾರಿಗೆ ಹೊಲದಿಂದ ಒಬ್ಬನೇ ತಿರುಗಿ ಬಂದ. ನಲವತ್ತರ ಹತ್ತಿರದವನು, ಹೊಲ ಮಾಡುವವನಿಗೆ ಹೆಣ್ಣು ಸಿಗದೆ ಮದುವೆ ನಿಂತಿತ್ತು, ನಮ್ಮ ಜೊತೆಗೇ ಇದ್ದ. ಮುಂಬಾಗಿಲ ಕಟ್ಟೆಯ ಮೇಲೆ ಕುಳಿತು, "ವೈನಿ, ಎದಿ ಹಿಡದಂಗ ಆಗೇತ್ರಿ. ಗ್ಯಾಸ್ ಇರಬೇಕು, ಒಂದೀಟ ಸೋಡಾ ಕಲಿಸಿ ಕೊಡ್ರಿ" ಎಂದ. ನಾನು ನಿಂಬೆಹಣ್ಣು ಹೆಚ್ಚಿ ಬರುವಷ್ಟರಲ್ಲಿ ಕಟ್ಟೆಯಿಂದ ಕೆಳಗೆ ಬಿದ್ದಿದ್ದ.

ಮನೆಯಲ್ಲೇ ಇದ್ದ ಗಂಡ ಗಾಡಿ ತರಲು ಓಡಿದರು. ಮಂದಿ ಕೂಡಿತು. ಬಾಜು ಮನೆಯವನು ಬೈಕು ತಿರುಗಿಸಿ ನಿಲ್ಲಿಸಿ, ನಡುವೆ ಕೂರಿಸಿಕೊಂಡು ಒಯ್ಯುತ್ತೇನೆ ಎಂದ. ನಾನು ಬಗ್ಗಿ ಮೈದುನನ ಮೂಗಿಗೆ ಕಿವಿಯಿಟ್ಟೆ. ಗೊರ್ ಎಂದಿತು. ಜೀವ ಬಂದಂತಾಗಿ ಕೂಗಿ ಹೇಳಿದೆ: "ಉಸರ ಐತ್ರಿ! ಗೊರಕಿ ಹೊಡ್ಯಾಕತ್ತಾನ. ಬಿಸಲ ಬಡದೈತಿ, ಅಷ್ಟ. ಮಲಗ್ಲಿ. ಸರೀರಿ, ಗಾಳಿ ಬಿಡ್ರಿ."

ಅಂಗನವಾಡಿಯವಳು, ಏಳನೆಯ ತರಗತಿ ಓದಿದವಳು. ನನ್ನ ಮಾತು ನಡೆಯಿತು. ಮಂದಿ ಸರಿದರು. ನಾನು ಮೊರ ತಂದು ಗಾಳಿ ಬೀಸುತ್ತ ಕುಳಿತೆ.

ನಮ್ಮಲ್ಲಿ ಸಾಯುವವರ ಬಾಯಿಗೆ ಮನೆಯವರ ಕೈಯಿಂದ ನೀರು ಬೀಳಬೇಕು. ನೀರಿಲ್ಲದೆ ಹೋದ ಜೀವ ಬಾಯಾರಿ ಅಲೆಯುತ್ತದೆ ಎನ್ನುತ್ತಾರೆ. ಹಾಗೆಂದು ಯಾರು ಬಿದ್ದರೂ, ತಲೆ ತಿರುಗಿ ಬೀಳಲಿ, ಮೂರ್ಛೆ ಬಂದು ಬೀಳಲಿ, ಮೊದಲು ಓಡುವುದು ಕೊಡದ ಕಡೆಗೇ. ಅತ್ತೆಯವರು ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಿಂದ ಮೂರು ಸಲ ನೀರು ಹಾಕಿದರು. ಎರಡು ಸಲ ಕಟವಾಯಿಯಿಂದ ಹೊರಗೆ ಹರಿಯಿತು. ಮೂರನೆಯದಕ್ಕೆ ಗಂಟಲಲ್ಲಿ ಗುಳಕ್ ಎಂದಿತು.

"ಕುಡದಾ! ನನ್ನ ಮಗಾ ನೀರ ಕುಡದಾ!"

ಆಮೇಲೆ ಆ ಸಪ್ಪಳವೂ ನಿಂತಿತು. ಗಂಡ ಟೆಂಪೊ ತರುವಷ್ಟರಲ್ಲಿ ಕೈ ತಣ್ಣಗಾಗಿತ್ತು.

ಅಂದಿನಿಂದ ಮಾತಾಡಿಸಲು ಯಾರು ಬಂದರೂ ಅತ್ತೆಯವರು ಹೇಳುವುದು ಒಂದೇ: "ನನ್ನ ಕೈಯಾನ ನೀರ ಕುಡದು ಹೋತವಾ ಕೂಸು." ಬಂದವರು ಪುಣ್ಯ ಮಾಡಿದ್ದೀರಿ ಎನ್ನುವರು. ಆ ಮಾತಿನ ಮೇಲೆಯೇ ಆಕೆ ಮತ್ತೆ ಉಣ್ಣಲು ಶುರು ಮಾಡಿದ್ದು, ಎಮ್ಮೆ ಹಿಂಡಲು ಎದ್ದದ್ದು.

ಭಾನುವಾರ ಚಹಾದ ಹೊತ್ತಿನಲ್ಲಿ ನರ್ಸಮ್ಮನನ್ನು ಕಿಟಕಿಯ ಹತ್ತಿರ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆ ಕಪ್ಪಿನ ಚಹಾ ಆರುವ ತನಕ ಕೇಳಿದರು.

"ಒತ್ತಿದ್ರೂ ಉಳೀತಿದ್ರೋ ಇಲ್ಲೋ, ಹೇಳಾಕ ಬರೂದಿಲ್ರಿ. ನೀರಿನಿಂದ ಹೋದ್ರು ಅಂತನೂ ನಾ ಹೇಳಂಗಿಲ್ಲ. ಎದಿ ಆಗ್ಲೇ ನಿಂತಿರಬೇಕು. ಯಾರೂ ಒತ್ತಲಿಲ್ಲ, ಅಷ್ಟ ಖರೆ."

ಸಮಾಧಾನಕ್ಕೆ ಇನ್ನೊಂದು ಮಾತನ್ನೂ ಆಕೆ ಸೇರಿಸಲಿಲ್ಲ. ಅದಕ್ಕೇ ನಂಬಿದೆ.

ಮನೆಗೆ ಬಂದಾಗ ಅತ್ತೆಯವರು ಬೆಳ್ಳುಳ್ಳಿ ಬಿಡಿಸುತ್ತಿದ್ದರು. "ಏನೇನ ಕಲತಿ?" ಎಂದರು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಬಾರದಂತೆ, ತಣ್ಣೀರು ಸುರಿಯಬೇಕಂತೆ ಎಂದೆ. "ಹಂಗಾರ ಅದು ಹಲ್ಲಿಗಷ್ಟ ಅನ್ನು," ಎಂದು ನಕ್ಕರು. ಉಳಿದದ್ದನ್ನು ಹೇಳಲಿಲ್ಲ.

ಎರಡು ವಾರದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಊರಿನ ಸಮುದಾಯ ಭವನದಲ್ಲಿ ಹೆಂಗಸರನ್ನು ಸೇರಿಸಿದೆ. ಗೊಂಬೆ ಇಲ್ಲದ್ದಕ್ಕೆ ಚೀಲವೊಂದಕ್ಕೆ ಹತ್ತಿ ತುಂಬಿ ಬಾಯಿ ಹೊಲಿದಿದ್ದೆ. ಅತ್ತೆಯವರು ಬರುವುದಿಲ್ಲ ಎಂದುಕೊಂಡಿದ್ದೆ. ಬಂದು ಎಲ್ಲರಿಗಿಂತ ಮುಂದೆ, ಕಾಲು ಚಾಚಿ ಕುಳಿತರು. ಸೊಸೆ ಏನೋ ಕಲಿತು ಬಂದಿದ್ದಾಳೆ ಎಂಬ ಹೆಮ್ಮೆ ಮುಖದ ಮೇಲಿತ್ತು.

ಒತ್ತುವುದನ್ನು ತೋರಿಸಿದೆ. ಗೊರಕೆಯ ಮಾತು ಬಿಟ್ಟೆ. ನೀರಿನ ಮಾತೂ ಬಿಟ್ಟೆ. ಮುಗಿಯಿತು ಎನ್ನುವಷ್ಟರಲ್ಲಿ ಹಿಂದಿನಿಂದ ಒಬ್ಬಳು ಕೇಳಿದಳು: "ಅಕ್ಕಾ, ನೀರ ಹಾಕೂದು ಒತ್ತೂಕಿಂತ ಮದಲೋ, ಆಮ್ಯಾಲೋ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಹಿಂದೆ ತಿರುಗಿದರು. "ಮದಲ ಹಾಕಬೇಕವಾ. ಒತ್ತೂದು ಗಿತ್ತೂದು ಆಮ್ಯಾಲೆ. ನಾ ನನ್ನ ಮಗಗ ಹಾಕಿದ್ದಿಲ್ಲೇನ? ಕುಡದ ಹೋದ."

ಎಲ್ಲರೂ ತಲೆದೂಗಿದರು. ನಾಳೆ ಇವರಲ್ಲಿ ಯಾರದೋ ಗಂಡ, ಯಾರದೋ ಮಗ ಬೀಳುತ್ತಾನೆ, ಇವರು ಚಮಚ ಹಿಡಿದು ಕೂಡುತ್ತಾರೆ. ಹತ್ತಿಯ ಚೀಲದ ಮೇಲೆ ಕೈಯಿಟ್ಟುಕೊಂಡೇ ಹೇಳಿದೆ: "ಇಲ್ರಿ. ನೀರ ಹಾಕಬಾರದು. ಯಾವಾಗ್ಲೂ ಹಾಕಬಾರದು. ಶ್ವಾಸದಾಗ ಇಳೀತೈತಿ."

ಯಾರೂ ಅತ್ತೆಯವರ ಕಡೆ ನೋಡಲಿಲ್ಲ. ಅದೇ ಹೆಚ್ಚು ಎದ್ದು ಕಂಡಿತು. ಗೊರಕೆ ಎಂದು ಮಂದಿಯನ್ನು ಸರಿಸಿದವಳು ನಾನು ಎಂದು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಚಹಾ ಕುಡಿದು ಹೋಗಿ ಎಂದು ಎದ್ದೆ.

ಮನೆಯ ತನಕ ಅತ್ತೆಯವರು ನನ್ನ ಕೈ ಹಿಡಿಯಲಿಲ್ಲ. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತು ಕೇಳಿದರು:

"ಹಂಗಾರ ಅವನ್ನ ನಾನ ಕೊಂದ್ನೇನ ಬೇ?"

"ಇಲ್ರಿ ಅತ್ತಿ. ನೀರಿನಿಂದಲ್ಲ. ಅದು ಗೊರಕಿ ಆಗಿರಲಿಲ್ರಿ, ಎದಿ ನಿಂತಾಗಿನ ಸಪ್ಪಳ. ಆವಾಗ ಎದಿ ಒತ್ತಬೇಕಿತ್ತಂತ. ನಾ ಗೊರಕಿ ಅಂದೆ."

ಆಕೆ ನನ್ನ ಮುಖ ನೋಡಲಿಲ್ಲ. ಅಂಗಳದ ಕಡೆ ನೋಡುತ್ತಿದ್ದರು.

"ಮಂದೀನ್ನ ಸರಸಿದಾಕಿ ನೀನ."

"ಹೌದ್ರಿ."

"ಬಾಜೂ ಮನಿಯಾಂವ ಬೈಕಿನ ಮ್ಯಾಲೆ ಒಯ್ತೇನಿ ಅಂದಿದ್ದ."

"ಅಂದಿದ್ದನ್ರಿ."

"ಮಲಗ್ಲಿ ಅಂದಿ."

"ಅಂದೇರಿ."

ಒಂದನ್ನೂ ಮರೆತಿರಲಿಲ್ಲ. ಎರಡು ವರ್ಷ ಅದನ್ನೆಲ್ಲ ಎಲ್ಲಿಟ್ಟುಕೊಂಡಿದ್ದರೋ. ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದು ಕಾದೆ. ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಧ್ವನಿ ಏರಿಸದೆ ಇನ್ನೊಂದೇ ಕೇಳಿದರು:

"ನನ್ನ ಸಲುವಾಗಿ ಹೇಳಬ್ಯಾಡ. ಖರೆ ಹೇಳು. ಅಂವ ಕುಡದಿದ್ದಿಲ್ಲ?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಗುಳಕ್ ಎಂದದ್ದನ್ನು ಇಬ್ಬರೂ ಕೇಳಿದ್ದೆವು. ಆದರೆ ನನ್ನ ತಪ್ಪಿನ ಬಗ್ಗೆ ಖರೆ ಹೇಳಿ, ಆಕೆಯ ನೀರಿನ ಬಗ್ಗೆ ಸುಳ್ಳು ಹೇಳಿದರೆ ಆಕೆ ಎರಡನ್ನೂ ನಂಬುತ್ತಿರಲಿಲ್ಲ.

"ನುಂಗಾಕ ಬರಂಗಿಲ್ರಿ ಆವಾಗ."

"ಬಾಯಾರಿ ಹೋದ," ಎಂದರು.

ಈಗಲೂ ಇಬ್ಬರೂ ಒಂದೇ ಒಲೆಯ ಮುಂದೆ ಕೂಡುತ್ತೇವೆ. ನಾನು ಬಡಿದ ರೊಟ್ಟಿ ಉಣ್ಣುತ್ತಾರೆ, ಗುಳಿಗೆ ಕೊಟ್ಟರೆ ಕೈ ಚಾಚುತ್ತಾರೆ. ಹೋದ ತಿಂಗಳು ಕುಬಿಹಾಳದ ಬೀಗರು ಬಂದು, "ನಿಮ್ಮ ಕೈಯಾನ ನೀರಾದ್ರೂ ಕುಡದು ಹೋದ್ನಲ್ಲ" ಎಂದು ಹಳೆಯ ಮಾತು ತೆಗೆದಾಗ, "ಇಲ್ಲ," ಎಂದು ಎದ್ದು ಹಿತ್ತಲಿಗೆ ಹೋದರು. ನನ್ನ ಹೆಸರು ಎಲ್ಲೂ ಎತ್ತಿಲ್ಲ.

ಆದರೆ ನೀರು ಮಾತ್ರ ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ. ಮೊಣಕಾಲು ನೋವಿದ್ದರೂ ಗೋಡೆ ಹಿಡಿದು ಎದ್ದು, ಕೊಡದ ತನಕ ನಡೆದು, ತಾವೇ ಬಗ್ಗಿಸಿಕೊಂಡು ಕುಡಿಯುತ್ತಾರೆ. ನಾನು ದಿನವೂ ಒಂದು ತಂಬಿಗೆ ತುಂಬಿ ಆಕೆಯ ಹತ್ತಿರ ಇಡುತ್ತೇನೆ. ಸಂಜೆಗೆ ಅದು ಹಾಗೇ ಇರುತ್ತದೆ. ಎಮ್ಮೆ ನೀರು ಕುಡಿಯುವ ಬಾನಿಗೆ ಸುರಿಯುತ್ತೇನೆ.